ಮಕ್ಕಳಿಗೆ ಕ್ರಿಸ್‌ಮಸ್‌ಗೆ ಏನು ಕೊಡುತ್ತೀರಿ? ನಿಮ್ಮ ಮನೆಯಲ್ಲಿ ಏನು ಪದ್ಧತಿ ಇಟ್ಟುಕೊಂಡಿದ್ದೀರಿ?

ಲೂರ್ದುನಗರದ ತಾಯಿ, ನವೆಂಬರ್ 24

ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಮಕ್ಕಳು, ಮಗನಿಗೆ ಆರು ವರ್ಷ, ಮಗಳಿಗೆ ಎರಡೂವರೆ. ಹೋದ ವರ್ಷದ ಕ್ರಿಸ್‌ಮಸ್ ಮುಗಿದಾಗಿನಿಂದ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಈ ಸಲ ಹಬ್ಬಕ್ಕೆ ಇನ್ನೂ ಒಂದು ತಿಂಗಳು ಇರುವಾಗಲೇ ಕೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಹೋದ ವರ್ಷ ಅತ್ತೆ ಮಾವ, ನಾದಿನಿ, ನಮ್ಮಣ್ಣ, ನಮ್ಮನೆಯವರ ಆಫೀಸಿನವರು, ನಾವು, ಎಲ್ಲರದ್ದೂ ಸೇರಿ ಹದಿನಾಲ್ಕು ಪ್ಯಾಕೆಟ್ ಆಗಿತ್ತು. ಬೆಳಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಬಂದು ಕೂತೆವು. ಹತ್ತು ನಿಮಿಷದಲ್ಲಿ ಕಾಗದವೆಲ್ಲ ಹರಿದು ಹಾಲ್ ತುಂಬಾ ಬಿದ್ದಿತ್ತು. ಕೊನೇ ಪ್ಯಾಕೆಟ್ ಬಿಚ್ಚಿದ ಮೇಲೆ ಮಗ ನನ್ನ ಮುಖ ನೋಡಿ "ಇನ್ನೂ ಇದೆಯಾ?" ಅಂದ. ಅವನ ತಪ್ಪಲ್ಲ, ಅಷ್ಟು ಕೊಟ್ಟವರು ನಾವು. ಆದರೆ ನನಗೆ ಅಳು ಬಂತು. ಮಗಳಂತೂ ಯಾವುದನ್ನೂ ಮುಟ್ಟಲಿಲ್ಲ, ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬದೊಳಗೆ ಕೂತು ಮೂರು ದಿನ ಆಡಿದಳು.

ನಾನು ಚಿಕ್ಕವಳಿದ್ದಾಗ ಹಬ್ಬಕ್ಕೆ ಒಂದು ಹೊಸ ಫ್ರಾಕು, ಅಷ್ಟೇ. ಯಾವ ವರ್ಷ ಯಾವ ಫ್ರಾಕು ಅಂತ ಈಗ ಒಂದೂ ನೆನಪಿಲ್ಲ. ನೆನಪಿರುವುದು ಅಪ್ಪ ಬಿದಿರು ಕಡ್ಡಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ ಸ್ಟಾರ್ ಮಾಡುತ್ತಿದ್ದದ್ದು. ಮೈದಾ ಅಂಟು ಕಲಸುವ ಕೆಲಸ ನನ್ನದು. ಗಂಟಾದರೆ ಅಪ್ಪ ಬೈಯುತ್ತಿರಲಿಲ್ಲ, ಬೆರಳಲ್ಲಿ ಒಂದೊಂದೇ ಗಂಟು ಒಡೆದು ತೋರಿಸುತ್ತಿದ್ದರು. ಆ ಬಿಸಿ ಅಂಟಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ನನ್ನ ಮಕ್ಕಳಿಗೂ ಅಂಥದ್ದು ಒಂದಾದರೂ ಉಳಿಯಲಿ ಅಂತ ಆಸೆ.

ಹಾಗಾಗಿ ಕೇಳುವುದು ಇಷ್ಟು. ಈ ವಯಸ್ಸಿಗೆ ಏನು ಕೊಡುವುದು, ಎಷ್ಟು ಕೊಡುವುದು? ನೆಂಟರಿಗೆ ಬೇಜಾರಾಗದ ಹಾಗೆ ಕಮ್ಮಿ ಮಾಡಿ ಅಂತ ಹೇಳುವುದು ಹೇಗೆ? ಪ್ರತಿ ವರ್ಷ ಮಕ್ಕಳು ಕಾಯುವಂಥ ಯಾವುದಾದರೂ ಪದ್ಧತಿ ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಬಿಡಿಸಿ ಬರೆಯಿರಿ.

ಕುವೆಂಪುನಗರದ ಅಪ್ಪ, ನವೆಂಬರ್ 24

ನಮ್ಮದೂ ಇದೇ ಕಥೆ ಆಗಿತ್ತು ಮೇಡಂ. ಮೂರು ವರ್ಷದ ಹಿಂದೆ ಒಂದು ನಿಯಮ ಮಾಡಿಕೊಂಡೆವು. ಅಪ್ಪ ಅಮ್ಮನಿಂದ ಒಂದು ಮಗುವಿಗೆ ಒಂದೇ ವಸ್ತು. ನೆಂಟರೆಲ್ಲ ಸೇರಿ ಇನ್ನೊಂದು. ನಮ್ಮ ಕಡೆ ನಾಲ್ಕು ಮನೆಯವರು ದುಡ್ಡು ಹಾಕಿ ದೊಡ್ಡವಳಿಗೆ ಸೈಕಲ್ ಕೊಡಿಸಿದರು. ನಾಲ್ಕು ಮನೆಯವರೂ ಬಂದು ಪಾರ್ಕಿನಲ್ಲಿ ನಿಂತು ಅವಳು ಓಡಿಸುವುದನ್ನು ನೋಡಿದರು. ಒಬ್ಬರಿಗೂ ಬೇಜಾರಾಗಲಿಲ್ಲ. ಮೊದಲೇ ಫೋನ್ ಮಾಡಿ "ಇದಕ್ಕೆ ನಿಮ್ಮದೂ ಒಂದು ಪಾಲು ಇರಲಿ" ಅಂತ ಕೇಳಿ. ಏನೂ ತರಬೇಡಿ ಅಂದರೆ ಹಿರಿಯರಿಗೆ ನೋವಾಗುತ್ತದೆ, ಇಂಥದ್ದು ಬೇಕು ಅಂದರೆ ಖುಷಿಯಾಗುತ್ತದೆ.

ಆದರೆ ನಾನು ಬರೆಯಲೇಬೇಕಾದ್ದು ಇನ್ನೊಂದಿದೆ. ನಿಮ್ಮ ಮಗಳಿಗೆ ಇನ್ನೂ ಮೂರು ತುಂಬಿಲ್ಲ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ರಸ್ತೆ ಬದಿ ಗಾಡಿಯಲ್ಲಿ ಹಾಡು ಹೇಳುವ ಸಾಂತಾ ಗೊಂಬೆ ತಗೊಂಡೆ, ನೂರೈವತ್ತು ರೂಪಾಯಿ. ಚಿಕ್ಕವಳಿಗೆ ಆಗ ಒಂದೂಮುಕ್ಕಾಲು ವರ್ಷ. ಬೆನ್ನಿನ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಲ್ಲಿ ಎತ್ತಿದರೆ ಬರುತ್ತಿತ್ತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗುಂಡಿಯಂಥ ಸೆಲ್ ಅವಳ ಬೆರಳಲ್ಲಿತ್ತು, ಬಾಯಿಗೆ ಹೋಗುತ್ತಿತ್ತು. ಕೈಯಿಂದ ಕಿತ್ತುಕೊಂಡೆ. ಮೂರು ಸೆಲ್ ಇರಬೇಕಿತ್ತು, ಎರಡು ಸಿಕ್ಕಿತು. ಮೂರನೆಯದು ಎಲ್ಲಿ ಅಂತ ಗೊತ್ತಿಲ್ಲದೆ ಆಸ್ಪತ್ರೆಗೆ ಓಡಿದೆವು, ಎಕ್ಸ್‌ರೇ ಆಯಿತು, ಹೊಟ್ಟೆಯಲ್ಲಿ ಇರಲಿಲ್ಲ. ಮನೆಗೆ ಬಂದು ನೋಡಿದರೆ ಸೋಫಾ ಕೆಳಗೆ ಬಿದ್ದಿತ್ತು. ಡಾಕ್ಟರ್ ಅವತ್ತು ಹೇಳಿದ್ದು, ಈ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟ ಹಾಗಾಗುತ್ತದೆ, ನೋಡೋಣ ಅಂತ ಮನೆಯಲ್ಲಿ ಕೂರಲೇಬಾರದು.

ಅದಾದ ಮೇಲೆ ನಾನು ಮೂರು ವಿಷಯ ನೋಡದೆ ಆಟದ ಸಾಮಾನು ತರುವುದಿಲ್ಲ. ಐಎಸ್‌ಐ ಗುರುತು ಇದೆಯಾ, ಅದು 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಕಡ್ಡಾಯ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ. ಮತ್ತೆ, ಟಿಶ್ಯೂ ಸುತ್ತಿರುತ್ತಲ್ಲ ಆ ರಟ್ಟಿನ ಕೊಳವೆ, ಅದರೊಳಗೆ ತೂರುವ ಯಾವ ತುಂಡೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬೇಡ. ಅಣ್ಣನ ಸಾಮಾನು ತಂಗಿಯ ಬಾಯಿಗೆ ಹೋಗುವುದೇ ಜಾಸ್ತಿ, ಅದನ್ನೂ ನೋಡಿಕೊಳ್ಳಿ.

ಬನ್ನಿಮಂಟಪದ ಅಜ್ಜಿ, ನವೆಂಬರ್ 25

ಮಗಳೇ, ನಿನ್ನ ಅಪ್ಪನ ಅಂಟಿನ ವಿಷಯ ಓದಿ ಕಣ್ಣು ತುಂಬಿ ಬಂತು. ನಾನು ಮೊಬೈಲಲ್ಲಿ ಮಾತಾಡಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಸರಿ ಮಾಡಿಕೊಂಡು ಓದು.

ನಮ್ಮ ಮನೆಯಲ್ಲಿ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆ ಇಟ್ಟು ಕಟ್ಟುತ್ತೇವಲ್ಲ ಅದಕ್ಕೆ, ರಾಗಿ ಬೆಳೆಸುತ್ತೇವೆ. ನಮ್ಮ ಅತ್ತೆಯಿಂದ ನಾನು ಕಲಿತೆ, ನನ್ನಿಂದ ಸೊಸೆ ಕಲಿತಳು, ಈಗ ಮೊಮ್ಮಕ್ಕಳ ಕೈಗೆ ಕೊಟ್ಟಿದ್ದೇನೆ. ಡಿಸೆಂಬರ್ 10, 11ಕ್ಕೆ ಒಂದು ಹಿಡಿ ರಾಗಿ ರಾತ್ರಿ ನೆನೆಹಾಕು. ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿಡು. ನಮ್ಮ ಮೈಸೂರಲ್ಲಿ ಆ ತಿಂಗಳು ಚಳಿ, ಮೊಳಕೆ ಬರಲು ಎರಡು ದಿನ ಬೇಕು, ಅವಸರ ಮಾಡಬೇಡ. ಅಗಲವಾದ ಹಳೇ ತಟ್ಟೆಗೆ ಕೆಳಗೆ ತೆಂಗಿನ ನಾರು, ಮೇಲೆ ಜರಡಿ ಹಿಡಿದ ಮಣ್ಣು ಒಂದು ಬೆರಳು ದಪ್ಪ ಹಾಕಿ ಮೊಳಕೆ ಉದುರಿಸು. ಮೊದಲು ನಾಲ್ಕು ದಿನ ನೆರಳಲ್ಲಿ, ಆಮೇಲೆ ಬಿಸಿಲಿಗೆ. ಬಿಸಿಲಿಗೆ ಇಟ್ಟ ದಿನವೇ ಹಳದಿ ಹೋಗಿ ಹಸಿರು ಏರುತ್ತದೆ, ಮಕ್ಕಳು ಅದನ್ನು ನೋಡಬೇಕು. 24ನೇ ತಾರೀಖಿಗೆ ಕುರಿಗಾಹಿಗಳ ಗೊಂಬೆ ನಿಲ್ಲಿಸುವಷ್ಟು ಎತ್ತರಕ್ಕೆ ಪೈರು ಬಂದಿರುತ್ತದೆ.

ನೀರು ಹಾಕುವ ಕೆಲಸ ಚಿಕ್ಕದಕ್ಕೇ ಕೊಡು. ಚೊಂಬಿನಿಂದ ಅಲ್ಲ, ಬಟ್ಟಲಲ್ಲಿ ಬೆರಳು ಅದ್ದಿ ಚಿಮುಕಿಸಲಿ. ಎರಡೂವರೆ ವರ್ಷದ ಮಗುವಿಗೆ ಸರಿಯಾಗಿ ಬರುತ್ತದೆ.

ಇನ್ನೊಂದು. ಗೋದಲಿ ಕಟ್ಟಿದರೂ ಬಾಲ ಯೇಸುವನ್ನು ಇಡಬಾರದು, ಮೇವಿನ ತೊಟ್ಟಿ ಖಾಲಿ ಇರಲಿ. ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಚಿಕ್ಕ ಮಗು ಇಡಬೇಕು. ನಕ್ಷತ್ರ ನೋಡಿ ಯೇಸುವನ್ನು ಹುಡುಕಿಕೊಂಡು ಬಂದ ಮೂವರು ಜೋಯಿಸರ ಗೊಂಬೆಗಳನ್ನು ಕಿಟಕಿ ಹತ್ತಿರ ನಿಲ್ಲಿಸುತ್ತೇವೆ, ಮೊಮ್ಮಗ ದಿನಾ ಒಂದು ಗೇಣು ಮುಂದೆ ಸರಿಸುತ್ತಾನೆ, ಜನವರಿ 6ಕ್ಕೆ ಗೋದಲಿ ಮುಟ್ಟುತ್ತಾರೆ. ಹಬ್ಬ ಒಂದೇ ದಿನಕ್ಕೆ ಮುಗಿಯುವುದಿಲ್ಲ ಅಂತ ಮಕ್ಕಳಿಗೆ ಹೇಳಬೇಕಾಗಿಯೇ ಇಲ್ಲ. ಗೋದಲಿಯನ್ನು ಮೊದಲು ಮಾಡಿ ತೋರಿಸಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್, 1223ರಲ್ಲಿ, ಗ್ರೆಚಿಯೋ ಅನ್ನುವ ಇಟಲಿಯ ಊರಿನಲ್ಲಿ, ನಿಜವಾದ ಎತ್ತು ಕತ್ತೆ ತಂದು ನಿಲ್ಲಿಸಿ. ಓದಿದವರಿಗೂ ಓದದವರಿಗೂ ಕಣ್ಣಿಗೆ ಕಾಣಲಿ ಅಂತ ಮಾಡಿದ್ದು. ಮಕ್ಕಳಿಗೂ ಹಾಗೇ, ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು.

ಕ್ರಿಸ್‌ಮಸ್‌ಗೆ ಕರಿಯುವ ಸಿಹಿ ತಿಂಡಿ ಕಲ್ಕಲ್ ಮಾಡುವ ದಿನ ಮಕ್ಕಳನ್ನು ಅಡುಗೆಮನೆಯಿಂದ ಓಡಿಸಬೇಡ. ತಲಾ ಒಂದು ಹೊಸ ಬಾಚಣಿಗೆ ತೊಳೆದು ಕೊಡು, ಹಿಟ್ಟಿನ ಉಂಡೆಯನ್ನು ಅದರ ಮೇಲೆ ಒತ್ತಿ ಸುರುಳಿ ಮಾಡಲಿ. ಎಣ್ಣೆ ಹತ್ತಿರ ಮಾತ್ರ ಬಿಡಬೇಡ.

ಮಂಡ್ಯದ ಮೇಷ್ಟ್ರು, ನವೆಂಬರ್ 25

ಅಜ್ಜಿ, ನಿಮಗೆ ನಮಸ್ಕಾರ. ಇದನ್ನು ಕಾಗದದಲ್ಲಿ ಬರೆದುಕೊಂಡೆ.

ಮೇಡಂ, ನಾನು ಪ್ರೈಮರಿ ಮಕ್ಕಳ ಜೊತೆ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಉಡುಗೊರೆ ವಿಷಯದಲ್ಲಿ ನಾನು ಹೇಳುವುದು ಒಂದೇ. ಅಂಗಡಿಗೆ ಹೋಗುವ ಮೊದಲು ಒಂದು ವಾರ ಮಗುವನ್ನು ಸುಮ್ನೆ ನೋಡಿ. ಯಾವುದನ್ನು ಪದೇ ಪದೇ ಮಾಡುತ್ತದೆ ಅಂತ ಬರೆದಿಡಿ. ನಿಮ್ಮ ಮಗಳು ಡಬ್ಬದೊಳಗೆ ಕೂತಳು ಅಂದಿರಲ್ಲ, ಅದೇ ಉತ್ತರ. ಆ ವಯಸ್ಸಿಗೆ ತುಂಬುವುದು, ಸುರಿಯುವುದು, ಒಳಗೆ ಹೋಗುವುದು, ಹೊರಗೆ ಬರುವುದು, ಎಳೆಯುವುದು, ಇವೇ ಆಟ. ಅದಕ್ಕೆ ಮಾತಾಡುವ ಗೊಂಬೆ ಬೇಕಿಲ್ಲ.

ಮೈಸೂರಿನಿಂದ ಬೆಂಗಳೂರಿಗೆ ಹಳೇ ರಸ್ತೆಯಲ್ಲಿ ಹೋಗುವವರು ಚನ್ನಪಟ್ಟಣದಲ್ಲಿ ಅರ್ಧ ಗಂಟೆ ನಿಲ್ಲಿ. ಎಳೆದುಕೊಂಡು ಹೋಗುವ ಬಂಡಿ, ಒಂದರ ಮೇಲೊಂದು ಏರಿಸುವ ಬಳೆಗಳು, ಆರು ವರ್ಷದವನಿಗೆ ಬುಗುರಿ. ಆಲೆ ಮರದಲ್ಲಿ ಮಾಡುತ್ತಾರೆ. ಕೆಲಸ ಮಾಡುವುದನ್ನು ಮಗನಿಗೆ ತೋರಿಸಿ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬ್ರಷ್ ಇಲ್ಲ, ಪೇಂಟ್ ಇಲ್ಲ. ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ತಾನು ಕಣ್ಣಾರೆ ನೋಡಿದ ಬುಗುರಿಯನ್ನು ಮಗು ಅಷ್ಟು ಸುಲಭಕ್ಕೆ ಎಸೆಯುವುದಿಲ್ಲ. ದೂರ ಹೋಗಲು ಆಗದಿದ್ದರೆ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲೂ ಸಿಗುತ್ತದೆ.

ಆರು ವರ್ಷದವನಿಗೆ ಒಂದು ಕನ್ನಡ ಪುಸ್ತಕ ಇರಲೇಬೇಕು ಅನ್ನುವುದು ನನ್ನ ಹಟ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕ, ಇವರ ಚಿತ್ರದ ಪುಸ್ತಕಗಳು ಕಮ್ಮಿ ಬೆಲೆಗೆ ಸಿಗುತ್ತವೆ. ಮೊದಲ ಪುಟದಲ್ಲಿ ವರ್ಷ ಹಾಕಿ, ಯಾರು ಕೊಟ್ಟರು ಅಂತ ನಿಮ್ಮ ಕೈಬರಹದಲ್ಲೇ ಬರೆಯಿರಿ. ನನ್ನ ಮಗಳಿಗೆ ಈಗ ಹತ್ತೊಂಬತ್ತು. ಹಾಸ್ಟೆಲ್‌ಗೆ ಹೋಗುವಾಗ ಬೇರೆ ಏನನ್ನೂ ತೆಗೆದುಕೊಂಡು ಹೋಗಲಿಲ್ಲ, ಅವಳ ಅಜ್ಜ ಹೆಸರು ಬರೆದಿದ್ದ ಪುಸ್ತಕ ತೆಗೆದುಕೊಂಡು ಹೋದಳು.

ಲೂರ್ದುನಗರದ ತಾಯಿ, ನವೆಂಬರ್ 25

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ, ರಾಗಿ ನೆನೆಹಾಕಲು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೆ. ಅಣ್ಣ, ನಿಮ್ಮ ಮಾತು ಓದಿದ ಕೂಡಲೇ ಮನೆಯಲ್ಲಿರುವ ಆಟದ ಸಾಮಾನೆಲ್ಲ ತಿರುಗಿಸಿ ನೋಡಿದೆ, ಎರಡಕ್ಕೆ ಸ್ಕ್ರೂ ಇರಲಿಲ್ಲ, ತೆಗೆದಿಟ್ಟೆ.

ಇನ್ನೊಂದು ಕೇಳಬೇಕಿತ್ತು. ಮಗ ನಿನ್ನೆ "ಸಾಂತಾ ನಿಜವಾ, ಇಲ್ಲ ಅಪ್ಪನಾ?" ಅಂತ ಕೇಳಿದ. ಶಾಲೆಯಲ್ಲಿ ಯಾರೋ ಹೇಳಿದ್ದಾರೆ. ನಾನು ಊಟ ಮಾಡು ಅಂತ ಮಾತು ಮರೆಸಿದೆ. ಏನು ಹೇಳಲಿ?

ಪಾಲಹಳ್ಳಿಯ ಹುಡುಗಿ, ನವೆಂಬರ್ 26

ಅಕ್ಕಾ, ನಿಜ ಹೇಳಿಬಿಡಿ. ಮಗು ನೇರವಾಗಿ ಕೇಳಿದ ಮೇಲೆ ಸುಳ್ಳು ಹೇಳಬಾರದು ಅನ್ನುವುದು ನನ್ನ ಅಭಿಪ್ರಾಯ. ನಾನು ಒಂಬತ್ತು ವರ್ಷದವರೆಗೂ ನಂಬಿದ್ದೆ, ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಅಮ್ಮ ನನಗೆ ಯಾಕೆ ಹೇಳಲಿಲ್ಲ ಅಂತ ತುಂಬಾ ದಿನ ಕೋಪ ಇತ್ತು.

ಸಂತ ನಿಕೋಲಾಸರ ಕಥೆ ಹೇಳಿ. ಈಗಿನ ಟರ್ಕಿಯಲ್ಲಿದ್ದ ಮೈರಾ ಅನ್ನುವ ಊರಿನ ಬಿಷಪ್, ಅವರ ಹಬ್ಬ ಡಿಸೆಂಬರ್ 6. ಒಬ್ಬ ಬಡವನಿಗೆ ಮೂರು ಹೆಣ್ಣುಮಕ್ಕಳು, ಮದುವೆ ಮಾಡಲು ದುಡ್ಡಿಲ್ಲ. ಇವರು ರಾತ್ರಿ ಯಾರಿಗೂ ಕಾಣದ ಹಾಗೆ ಚಿನ್ನದ ಗಂಟು ಮನೆಯೊಳಗೆ ಎಸೆದು ಹೋದರಂತೆ. ಯಾರು ಕೊಟ್ಟರು ಅಂತ ಗೊತ್ತಾಗಬಾರದು, ಅದೇ ಕಥೆಯ ಜೀವ. ಆಮೇಲೆ ಮಗನಿಗೆ "ಈಗ ನಿನಗೆ ಗುಟ್ಟು ಗೊತ್ತಾಯಿತು, ಇನ್ನು ಮೇಲೆ ನೀನೂ ಕೊಡುವವರ ಕಡೆ" ಅನ್ನಿ. ಯಾರಿಗಾದರೂ ಗೊತ್ತಾಗದ ಹಾಗೆ ಒಂದು ವಸ್ತು ಇಟ್ಟು ಬರಲಿ. ನನ್ನ ಅಕ್ಕನ ಮಗ ಹೋದ ವರ್ಷ ಮನೆ ಹತ್ತಿರ ಕಸ ತೆಗೆದುಕೊಂಡು ಹೋಗಲು ಬರುವ ಅಮ್ಮನಿಗೆ ಸ್ವೆಟರ್ ಇಟ್ಟ. ಗೇಟಿನ ಹಿಂದೆ ಬಗ್ಗಿ ನೋಡುತ್ತಾ ಉಸಿರು ಹಿಡಿದು ನಿಂತಿದ್ದ.

ಕುವೆಂಪುನಗರದ ಅಪ್ಪ, ನವೆಂಬರ್ 26

ನಾನು ಇದನ್ನು ಒಪ್ಪುವುದಿಲ್ಲ ತಂಗಿ. ಆರು ವರ್ಷ ತುಂಬಾ ಚಿಕ್ಕದು. "ನಿನಗೆ ಏನನ್ನಿಸುತ್ತದೆ?" ಅಂತ ವಾಪಸ್ ಕೇಳಿದರೆ ಮಗುವೇ ತಾನು ಎಷ್ಟು ತಿಳಿದುಕೊಳ್ಳಲು ತಯಾರಿದ್ದೇನೆ ಅಂತ ಹೇಳುತ್ತದೆ. ನಮ್ಮವಳು "ಇದ್ದಾನೆ ಅನ್ನಿಸುತ್ತೆ" ಅಂದಳು, ಅಲ್ಲಿಗೆ ಬಿಟ್ಟೆವು. ಆದರೆ ಗುಟ್ಟಾಗಿ ಕೊಡುವ ವಿಷಯ ಬಹಳ ಚೆನ್ನಾಗಿದೆ, ಅದನ್ನು ನಾವೂ ಮಾಡುತ್ತೇವೆ.

ವಸ್ತುವೇ ಬೇಡ ಅನ್ನುವವರಿಗೆ ಇನ್ನೊಂದು. 1892ರಲ್ಲಿ ಶುರುವಾದ ನಮ್ಮ ಚಾಮರಾಜೇಂದ್ರ ಮೃಗಾಲಯದಲ್ಲಿ ಪ್ರಾಣಿ ದತ್ತು ತೆಗೆದುಕೊಳ್ಳುವ ಯೋಜನೆ ಇದೆ. ಮಗುವಿನ ಹೆಸರಿನಲ್ಲಿ ಒಂದು ಚಿಕ್ಕ ಹಕ್ಕಿಯನ್ನು ದತ್ತು ತೆಗೆದುಕೊಂಡರೆ ಹೋದಾಗಲೆಲ್ಲ "ಇದು ನಂದು" ಅಂತ ನೋಡುತ್ತದೆ. ಮಂಗಳವಾರ ರಜೆ, ಅದೊಂದು ನೆನಪಿಟ್ಟುಕೊಳ್ಳಿ.

ನಜರ್‌ಬಾದಿನ ಮನೆಯವಳು, ನವೆಂಬರ್ 27

ನಾವು ಕ್ರೈಸ್ತರಲ್ಲ, ಆದರೂ ಬರೆಯಬೇಕು ಅನ್ನಿಸಿತು. ನಮ್ಮ ಪಕ್ಕದ ಮನೆಯವರು ಕ್ರೈಸ್ತರು, ಇಪ್ಪತ್ತು ವರ್ಷದಿಂದ ದಸರಾಗೆ ನಮ್ಮ ಮನೆ ಚರ್ಪು (ಗೊಂಬೆ ಹಬ್ಬದ ತಿಂಡಿ) ಅಲ್ಲಿಗೆ, ಕ್ರಿಸ್‌ಮಸ್‌ಗೆ ಅವರ ಮನೆ ಕರ್ಜಿಕಾಯಿ, ಕೇಕು ಇಲ್ಲಿಗೆ. 25ರ ಸಂಜೆ ಮಕ್ಕಳನ್ನು ಕರೆದುಕೊಂಡು ಫಿಲೋಮಿನಾ ಚರ್ಚಿಗೆ ಹೋಗುತ್ತೇವೆ. ನಮ್ಮ ಮಾವ ಇದ್ದಾಗ ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು, 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಚರ್ಚಪ್ಪಾ ಇದು, ಆ ಗೋಪುರ 175 ಅಡಿ, ಅಂತ ಹೇಳುತ್ತಿದ್ದರು. ಈಗ ಅವರಿಲ್ಲ. ಹೋದ ವರ್ಷ ನನ್ನ ಮಗ ಅದೇ ಜಾಗಕ್ಕೆ ಬಂದ ತಕ್ಷಣ ತಾತನ ದನಿಯಲ್ಲೇ "175 ಅಡಿ" ಅಂತ ತಂಗಿಗೆ ಹೇಳಿದ.

ನಿಮಗೆ ಒಂದು ಸಲಹೆ. ನಮ್ಮ ಗೊಂಬೆ ಹಬ್ಬದಲ್ಲಿ ರಾಜ ರಾಣಿಯ ಪಟ್ಟದ ಗೊಂಬೆ ಹಳೆಯದು, ನನ್ನ ಮದುವೆಯಲ್ಲಿ ತವರಿನಿಂದ ಬಂದದ್ದು. ಆದರೆ ಪ್ರತಿ ವರ್ಷ ಒಂದು ಹೊಸ ಗೊಂಬೆ ಸೇರಲೇಬೇಕು. ಯಾವುದು ಅಂತ ಮಕ್ಕಳು ಆರಿಸುತ್ತಾರೆ. ಪೆಟ್ಟಿಗೆ ಬಿಚ್ಚಿ ಕಾಗದ ಸುತ್ತಿದ ಗೊಂಬೆ ಒಂದೊಂದೇ ತೆಗೆಯುವಾಗ "ಇದು ನಾನು ಎಲ್‌ಕೆಜಿಯಲ್ಲಿದ್ದಾಗ ತಂದದ್ದು, ಇದು ಕೊರೊನಾ ವರ್ಷದ್ದು" ಅಂತ ಅವರೇ ಹೇಳುತ್ತಾರೆ. ನಿಮ್ಮ ಗೋದಲಿಗೂ ಹಾಗೆ ಮಾಡಿ. ವರ್ಷಕ್ಕೆ ಒಂದೇ ಒಂದು ಗೊಂಬೆ, ಮಗು ಆರಿಸಿದ್ದು. ಕೆಳಗೆ ವರ್ಷ ಬರೆದಿಡಿ. ಹತ್ತು ವರ್ಷಕ್ಕೆ ಹತ್ತು ಗೊಂಬೆ ಆಗುತ್ತದೆ, ಅಲ್ವಾ?

ನೈಟ್ ಡ್ಯೂಟಿ ಸಿಸ್ಟರ್, ನವೆಂಬರ್ 29

ನಾನು ನರ್ಸ್. ಕಳೆದ ಆರು ವರ್ಷದಲ್ಲಿ ನಾಲ್ಕು ಸಲ 24ರ ರಾತ್ರಿ ಡ್ಯೂಟಿಯಲ್ಲಿದ್ದೆ. ಹಬ್ಬದ ಪದ್ಧತಿಯನ್ನೆಲ್ಲ ಆ ಒಂದು ರಾತ್ರಿಗೆ ಕಟ್ಟಿದರೆ ನಮ್ಮಂಥ ಮನೆಗಳಲ್ಲಿ ಅದು ನಿಲ್ಲುವುದಿಲ್ಲ. ನನ್ನ ಮಗಳು ಒಂದು ವರ್ಷ ಫೋನಿನಲ್ಲಿ ಅತ್ತಳು, ನಾನು ವಾರ್ಡಿನಲ್ಲಿ ಅತ್ತೆ.

ಈಗ ನಾವು ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ, ನಾಲ್ಕು ಭಾನುವಾರ ಹಿಡಿದುಕೊಂಡಿದ್ದೇವೆ. ನಾಲ್ಕು ಮೇಣದಬತ್ತಿ, ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೆ ಒಂದು ಹೆಚ್ಚು ಹಚ್ಚುತ್ತೇವೆ, ಗುಲಾಬಿಯದು ಮೂರನೇ ಭಾನುವಾರ. ಲೈಟು ಆರಿಸಿ ಐದು ನಿಮಿಷ ಕೂತು ಒಂದು ಹಾಡು ಹೇಳಿ ಊದಿ ಆರಿಸುತ್ತೇವೆ. ಊದುವುದು ಅವಳ ಹಕ್ಕು. ಭಾನುವಾರ ಡ್ಯೂಟಿ ಇದ್ದರೆ ಸೋಮವಾರ. ಹತ್ತಿರ ದೊಡ್ಡವರು ಇರಲಿ, ಪರದೆಯಿಂದ ದೂರ ಇಡಿ. ಖರ್ಚು ಏನೂ ಇಲ್ಲ. ಅಕ್ಕಾ, ನಿಮಗೆ ಯಾವ ದಿನ ಕೈಗೆ ಸಿಗುತ್ತದೋ ಆ ದಿನ ಮಾಡಿ.

ಲೂರ್ದುನಗರದ ತಾಯಿ, ಜನವರಿ 8

ಹಬ್ಬ ಚೆನ್ನಾಗಿ ಆಯಿತು. ಏನೇನು ಮಾಡಿದೆ ಅಂತ ಹೇಳಲೇಬೇಕು.

ರಾಗಿ ಮೊದಲ ತಟ್ಟೆ ಹಾಳಾಯಿತು. ಮಗಳು ನಾನು ನೋಡದಾಗ ಬಟ್ಟಲನ್ನೇ ಬಗ್ಗಿಸಿ ನೀರು ಸುರಿದಿದ್ದಳು, ಬೂಷ್ಟು ಹಿಡಿಯಿತು. 15ಕ್ಕೆ ಮತ್ತೆ ನೆನೆಹಾಕಿದೆವು. 24ಕ್ಕೆ ಒಂದು ಇಂಚು ಬಂದಿತ್ತು, ಅಷ್ಟೇ. ಬಿಸಿಲಿಗೆ ಇಟ್ಟ ದಿನ ಸಂಜೆ ಮಗ ಶಾಲೆಯಿಂದ ಬಂದವನು ಬ್ಯಾಗ್ ಕೂಡ ಇಳಿಸದೆ "ಅಮ್ಮಾ, ಹಸಿರಾಯ್ತು!" ಅಂತ ಕೂಗಿದ. ಅಜ್ಜಿ, ಆಗ ನಿಮ್ಮನ್ನು ನೆನೆದೆ.

ನೆಂಟರಿಗೆಲ್ಲ ಫೋನ್ ಮಾಡಿದೆ. ನಮ್ಮಣ್ಣ ಕೂಡಲೇ ಒಪ್ಪಿದ. ಅತ್ತೆಗೆ ಮಾತ್ರ ಬೇಜಾರಾಯಿತು, ಮೊಮ್ಮಕ್ಕಳಿಗೆ ಕೊಡಬೇಡ ಅಂತೀಯಾ ಅಂದರು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಾನು, ಅತ್ತೆ, ನಿಮ್ಮ ಹತ್ತಿರ ಇರುವ ಹಳೇ ರೋಸ್ ಕುಕ್ಕೀಸ್ ಅಚ್ಚು ತಂದು ಮಗನಿಗೆ ಹೇಳಿಕೊಡಿ, ನನಗೆ ಅದು ಬರುವುದಿಲ್ಲ ಅಂದೆ. ನಿಜವಾಗಿಯೂ ಬರುವುದಿಲ್ಲ. ಅವರು ಅಚ್ಚು ಹಿಡಿದುಕೊಂಡು ಎರಡು ದಿನ ಮೊದಲೇ ಬಂದರು. ಹಿಟ್ಟಿಗೆ ಅಚ್ಚು ಅದ್ದುವಾಗ ಮೇಲಿನ ಅಂಚು ಮುಳುಗಬಾರದು, ಮುಳುಗಿದರೆ ಬಿಡುವುದೇ ಇಲ್ಲ ಅಂತ ಆರಿದ ಅಚ್ಚಿನಲ್ಲಿ ಅವನ ಕೈ ಹಿಡಿದು ಹತ್ತು ಸಲ ಅದ್ದಿಸಿದರು. ಎಣ್ಣೆ ಕೆಲಸ ಅವರೇ ಮಾಡಿದರು. ಆ ಅಚ್ಚು ಅವರ ತಾಯಿಯದಂತೆ, ನನಗೂ ಅವತ್ತೇ ಗೊತ್ತಾಗಿದ್ದು.

ಮಗಳಿಗೆ ಚನ್ನಪಟ್ಟಣದ ಎಳೆಯುವ ಬಂಡಿ, ಮಗನಿಗೆ ಬುಗುರಿ ಮತ್ತು ಒಂದು ಪುಸ್ತಕ. ಗೋದಲಿಗೆ ಒಂದು ಗೊಂಬೆ ಆರಿಸು ಅಂದಾಗ ಅವನು ಕುರಿ, ಒಂಟೆ ಎಲ್ಲ ಬಿಟ್ಟು ಮರದ ಆನೆ ಹಿಡಿದ. ಬೆತ್ಲೆಹೇಮಿನಲ್ಲಿ ಆನೆ ಇರಲಿಲ್ಲ ಕಂದ ಅಂದೆ. "ಮೈಸೂರಿನಿಂದ ಹೋಗಿದೆ" ಅಂದ. ಕುರಿಗಾಹಿಗಳಿಗಿಂತ ದೊಡ್ಡದಾದ ಹಳದಿ ಆನೆ ಜೋಯಿಸರ ಹಿಂದೆ ನಿಂತಿತ್ತು, ಹೊಟ್ಟೆಯ ಕೆಳಗೆ ವರ್ಷ ಬರೆದಿದ್ದೇವೆ. ಸಾಂತಾ ವಿಷಯ ಅವನಿಗೆ "ನಿನಗೆ ಏನನ್ನಿಸುತ್ತೆ" ಅಂತ ಕೇಳಿದೆ. ತುಂಬಾ ಹೊತ್ತು ಯೋಚಿಸಿ "ಅಪ್ಪ ಅನ್ನಿಸುತ್ತೆ" ಅಂದ. ಹಾಗಾಗಿ ನಿಕೋಲಾಸರ ಕಥೆ ಹೇಳಿದೆ. ಕೆಳಗಿನ ಮನೆಯ ತಾತನಿಗೆ ಮಂಕಿ ಕ್ಯಾಪ್ ಇಟ್ಟು ಬಂದಿದ್ದಾನೆ. ತಾತ ದಿನಾ ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ, ಇವನು ಬಾಲ್ಕನಿಯಿಂದ ನೋಡುತ್ತಾನೆ, ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ರಾತ್ರಿ ಪೂಜೆಯಿಂದ ಬರುವಷ್ಟರಲ್ಲಿ ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಬೆಳಗ್ಗೆ ಎದ್ದ ಮೇಲೆ ಬಾಲ ಯೇಸುವನ್ನು ಅವಳ ಕೈಗೆ ಕೊಟ್ಟೆ. ಹುಲ್ಲಿನ ಮೇಲೆ ಮಲಗಿಸಿದಳು. ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ತನ್ನ ಕರ್ಚೀಫ್ ತಂದು ಕುತ್ತಿಗೆಯವರೆಗೂ ಹೊದಿಸಿದಳು. ಚಳಿ ಅಂದಳು.

ಮೊನ್ನೆ 6ಕ್ಕೆ ಗೋದಲಿ ಬಿಚ್ಚಿ ರಾಗಿ ಪೈರನ್ನು ಹಿಂದಿನ ಬೀದಿಯ ಹಸುವಿಗೆ ತಿನ್ನಿಸಿ ಬಂದೆವು. ಈಗಲೂ ಬೆಳಗ್ಗೆ ಎದ್ದ ಕೂಡಲೇ ಮಗಳು ನೀರಿನ ಬಟ್ಟಲು ಹಿಡಿದುಕೊಂಡು ಕಿಟಕಿ ಹತ್ತಿರ ನಿಲ್ಲುತ್ತಾಳೆ. ಅದೇ ತಟ್ಟೆಗೆ ಕೊತ್ತಂಬರಿ ಬೀಜ ಹಾಕಿದ್ದೇನೆ.